ಅಂಗೈ ಪರದೆಗೆ ಹಳೆಯ ಆಟ: ಮರುನಿರ್ಮಾಣದ ಹಿಂದಿನ ಲೆಕ್ಕಾಚಾರ

ಹಳೆಯ ಚಿತ್ರವನ್ನು ಹೊಸ ನಟರೊಂದಿಗೆ ಮತ್ತೆ ತೆರೆಗೆ ತರುವುದು ಚಿತ್ರರಂಗದಲ್ಲಿ ಹೊಸತೇನಲ್ಲ. ವಿಡಿಯೋ ಗೇಮ್ ಕ್ಷೇತ್ರದಲ್ಲಿಯೂ ಇದೇ ಪರಿಪಾಠವಿದೆ. ಓಡುತ್ತ, ಜಿಗಿಯುತ್ತ, ಶತ್ರುಗಳನ್ನು ಎದುರಿಸುತ್ತ ಸಾಗುವ ‘ಆಕ್ಷನ್ ಪ್ಲಾಟ್‌ಫಾರ್ಮ್’ ಆಟಗಳು ಟಿವಿ ಪರದೆಯಿಂದ ಕೈಯಲ್ಲಿ ಹಿಡಿದು ಆಡುವ ಸಾಧನಗಳಿಗೆ ಮತ್ತೆ ಮತ್ತೆ ಬಂದಿವೆ. ಆದರೆ ಇದು ಕೇವಲ ನಕಲು ಮಾಡುವ ಕೆಲಸವಲ್ಲ ಎಂಬುದು ಗಮನಾರ್ಹ.

ಚಿಕ್ಕ ಪರದೆಯ ತೊಡಕು

1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನು ನಿಂಟೆಂಡೊ ಸಂಸ್ಥೆ 1999ರಲ್ಲಿ ‘ಡಿಲಕ್ಸ್’ ಹೆಸರಿನಲ್ಲಿ ಗೇಮ್ ಬಾಯ್ ಕಲರ್ ಸಾಧನಕ್ಕೆ ತಂದಿತು. ಮೂಲ ಯಂತ್ರದ ಚಿತ್ರದ ಅಳತೆ 256x240 ಪಿಕ್ಸೆಲ್; ಹೊಸ ಪರದೆಯದು 160x144 ಮಾತ್ರ. ಪಾತ್ರಗಳ ಗಾತ್ರವನ್ನು ಮೊದಲಿನಂತೆಯೇ ಉಳಿಸಿದ್ದರಿಂದ ಆಟಗಾರನಿಗೆ ಕಾಣುತ್ತಿದ್ದ ದೃಶ್ಯ ಅರ್ಧಕ್ಕಿಂತಲೂ ಕಡಿಮೆಯಾಯಿತು. ಮುಂದಿನ ಹಳ್ಳ, ಎದುರಾಗುವ ಶತ್ರು ತಡವಾಗಿ ಕಾಣಿಸಿಕೊಳ್ಳುವುದರಿಂದ ಜಿಗಿಯಲು ಸಿಗುವ ಸಮಯವೂ ಕುಗ್ಗಿತು. ಹೀಗಾಗಿ ಗುಂಡಿ ಒತ್ತಿ ದೃಶ್ಯವನ್ನು ಮೇಲೆ ಕೆಳಗೆ ಸರಿಸಿ ನೋಡುವ ಸೌಲಭ್ಯವನ್ನು ಒದಗಿಸಬೇಕಾಯಿತು.

ಬೆಳಕಿನದು ಮತ್ತೊಂದು ಸಮಸ್ಯೆ. 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿರಲಿಲ್ಲ. ಆದ್ದರಿಂದ ‘ಸೂಪರ್ ಮಾರಿಯೋ ವರ್ಲ್ಡ್’ ಆಟವನ್ನು ಅದಕ್ಕೆ ಅಳವಡಿಸುವಾಗ ಬಣ್ಣಗಳನ್ನು ಮೂಲಕ್ಕಿಂತ ತಿಳಿಯಾಗಿಸಲಾಯಿತು.

ಹೊಸ ರೂಪ, ಹಳೆಯ ಜೀವ

ಸೋನಿಯ ಪಿಎಸ್‌ಪಿ ಸಾಧನದ 480x272 ಪಿಕ್ಸೆಲ್‌ಗಳ ಅಗಲ ಪರದೆ ಬೇರೆಯದೇ ಅವಕಾಶ ನೀಡಿತು. 1987ರ ‘ಮೆಗಾ ಮ್ಯಾನ್’ ಆಟವನ್ನು ಕ್ಯಾಪ್‌ಕಾಮ್ 2006ರಲ್ಲಿ ಪೂರ್ಣವಾಗಿ ಹೊಸದಾಗಿ ರೂಪಿಸಿತು. ಇಬ್ಬರು ಹೊಸ ಎದುರಾಳಿಗಳು ಸೇರ್ಪಡೆಯಾದುದಲ್ಲದೆ, ಆಟಗಾರರೇ ಹಂತಗಳನ್ನು ರಚಿಸುವ ಸೌಲಭ್ಯವೂ ದೊರೆಯಿತು.

ಕೊನಾಮಿಯ ‘ರಾಂಡೊ ಆಫ್ ಬ್ಲಡ್’ ಆಟದ ಕಥೆ ಇನ್ನೂ ಕುತೂಹಲಕರ. 1993ರಲ್ಲಿ ಜಪಾನಿನಲ್ಲಷ್ಟೇ ಬಿಡುಗಡೆಯಾದ ಈ ಆಟದ ಮೂಲ ರೂಪ ಹೊರದೇಶದವರಿಗೆ ಅಧಿಕೃತವಾಗಿ ದೊರೆತದ್ದು 14 ವರ್ಷಗಳ ಬಳಿಕ, 2007ರ ಪಿಎಸ್‌ಪಿ ಮರುನಿರ್ಮಾಣ ‘ಡ್ರಾಕುಲಾ ಎಕ್ಸ್ ಕ್ರಾನಿಕಲ್ಸ್’ ಮೂಲಕ. ಹೊಸ ರೂಪದ ಆಟವನ್ನು ಆಡುತ್ತ ಹೋದಂತೆ ಅದರೊಳಗೆ ಅಡಗಿಸಿಟ್ಟಿದ್ದ ಮೂಲ ಆಟವೂ ತೆರೆದುಕೊಳ್ಳುತ್ತಿತ್ತು.

ಉಳಿಯುವ ಬಗೆ ಹೇಗೆ?

ಮರುಬಿಡುಗಡೆಯನ್ನು ಹಣ ಗಳಿಕೆಯ ಸುಲಭ ದಾರಿ ಎಂದು ಟೀಕಿಸುವವರುಂಟು. ಆದರೆ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳ ಪೈಕಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಮರುಬಿಡುಗಡೆಯೂ ಶಾಶ್ವತ ಪರಿಹಾರವಲ್ಲ. ಮೇಲೆ ಹೇಳಿದ ಮಾರಿಯೋ ‘ಡಿಲಕ್ಸ್’ ಆಟ ನಿಂಟೆಂಡೊ 3ಡಿಎಸ್‌ನ ಅಂತರಜಾಲ ಮಳಿಗೆಯಲ್ಲಿಯೂ ಮಾರಾಟಕ್ಕಿತ್ತು. 2023ರ ಮಾರ್ಚ್‌ನಲ್ಲಿ ಆ ಮಳಿಗೆಯೇ ಖರೀದಿಗೆ ಬಾಗಿಲು ಮುಚ್ಚಿತು. ಪುಸ್ತಕವಾದರೆ ಗ್ರಂಥಾಲಯದ ಕಪಾಟಿನಲ್ಲಿ ಉಳಿದೀತು. ಆದರೆ ಆಟ ಉಳಿಯಬೇಕಾದರೆ ಅದನ್ನು ಆಡಿಸಬಲ್ಲ ಯಂತ್ರವೂ ಉಳಿಯಬೇಕು, ಇಲ್ಲವೇ ಯಾರಾದರೂ ಅದನ್ನು ಹೊಸ ಯಂತ್ರಕ್ಕೆ ಹೊಂದಿಸಿಕೊಡಬೇಕು.