ಹಳೆಯ ಹೈಬ್ರಿಡ್ ಕಾರಿನ ಬ್ರೇಕ್: ಗಾಳಿ ತೆಗೆಯುವಿಕೆ ಮತ್ತು ದುರಸ್ತಿ

ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡರಿಂದಲೂ ಚಲಿಸುವ ಕಾರನ್ನು ಹೈಬ್ರಿಡ್ ಕಾರು ಎನ್ನುತ್ತಾರೆ. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಪ್ರಿಯಸ್ ಈ ಬಗೆಯ ಕಾರನ್ನು ಜನಬಳಕೆಗೆ ತಂದಿತು. ಭಾರತದಲ್ಲಿ ಅದರ ಮಾರಾಟ 2010ರಲ್ಲಿ ಆರಂಭವಾಯಿತು. ಆ ಕಾಲದ ಕಾರುಗಳಿಗೆ ಈಗ ಹತ್ತು ವರ್ಷ ಮೀರಿದೆ. ಅವುಗಳ ಮಾಲೀಕರು ಮತ್ತು ಬಳಸಿದ ಕಾರನ್ನು ಕೊಳ್ಳುವವರು ಬ್ರೇಕಿನ ಬಗ್ಗೆ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯ.

ಸವೆತ ಕಡಿಮೆ, ಎಚ್ಚರ ಹೆಚ್ಚು

ಹೈಬ್ರಿಡ್ ಕಾರಿನ ಬ್ರೇಕ್ ಒತ್ತಿದಾಗ ಮೊದಲು ಮೋಟಾರು ಜನರೇಟರಿನಂತೆ ವರ್ತಿಸಿ, ವೇಗವನ್ನು ತಗ್ಗಿಸುತ್ತಾ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಜೋರಾಗಿ ಒತ್ತಿದಾಗ ಮತ್ತು ಕಾರು ಪೂರ್ತಿ ನಿಲ್ಲುವ ಹಂತದಲ್ಲಿ ಮಾತ್ರ ಪ್ಯಾಡುಗಳು ಪ್ರಧಾನವಾಗಿ ಕೆಲಸ ಮಾಡುತ್ತವೆ. ಆದ್ದರಿಂದ ಪ್ಯಾಡುಗಳು ದೀರ್ಘಕಾಲ ಬಾಳುತ್ತವೆ. ಇದರಿಂದಲೇ ಅನೇಕರು ಬ್ರೇಕನ್ನು ಮರೆತುಬಿಡುವುದೂ ಉಂಟು. ಬಳಕೆ ಕಡಿಮೆಯಾದಷ್ಟೂ ಡಿಸ್ಕುಗಳಿಗೆ ತುಕ್ಕು ಹಿಡಿಯುವ, ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಳ್ಳುವ ಸಂಭವ ಹೆಚ್ಚು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪಿನ ಗಾಳಿಯಿಂದ ಈ ತೊಂದರೆ ಬೇಗ ತಲೆದೋರುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಆಯಿಲಿಗೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಉಂಟಾಗಿ ಬ್ರೇಕ್ ಹಿಡಿಯದೆ ಹೋಗಬಹುದು. ಆದಕಾರಣ ಪ್ಯಾಡ್ ಸವೆಯದಿದ್ದರೂ ಕೈಪಿಡಿಯಲ್ಲಿ ಹೇಳಿರುವ ಅವಧಿಗೆ ಆಯಿಲ್ ಬದಲಿಸತಕ್ಕದ್ದು.

ಗಾಳಿ ತೆಗೆಯುವ ಬಗೆ

ಸಾಮಾನ್ಯ ಕಾರಿನಲ್ಲಿ ಒಬ್ಬರು ಪೆಡಲ್ ಒತ್ತಿ ಹಿಡಿದು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ ಗಾಳಿಯನ್ನು ಹೊರಗೆ ಬಿಡುತ್ತಾರೆ. 2003ರಲ್ಲಿ ಬಂದ ಎರಡನೆಯ ತಲೆಮಾರಿನ ಪ್ರಿಯಸ್‌ಗೆ ಈ ಕ್ರಮವೊಂದೇ ಸಾಲದು. ಅದರಲ್ಲಿ ಪೆಡಲಿನ ಒತ್ತಡವನ್ನು ಕಂಪ್ಯೂಟರ್ ಅಳೆದು, ವಿದ್ಯುತ್ ಪಂಪು ಅಕ್ಯುಮುಲೇಟರಿನಲ್ಲಿ ಕೂಡಿಟ್ಟ ಒತ್ತಡವನ್ನು ಚಕ್ರಗಳಿಗೆ ಕಳುಹಿಸುತ್ತದೆ. ವಿದ್ಯುತ್ ವ್ಯವಸ್ಥೆ ಕೈಕೊಟ್ಟರೆ ಕಾಲಿನ ಒತ್ತಡ ಮುಂದಿನ ಎರಡು ಚಕ್ರಗಳಿಗೆ ಮಾತ್ರ ತಲುಪುತ್ತದೆ. ಹಿಂದಿನ ಚಕ್ರಗಳ ಗಾಳಿ ತೆಗೆಯಲು ಪಂಪು ಓಡಲೇಬೇಕು. ಇದಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಯಂತ್ರ ಬೇಕಾಗುತ್ತದೆ.

ಪೆಡಲಿನ ಬಿಗುವನ್ನೂ ಈ ವ್ಯವಸ್ಥೆಯೇ ಒದಗಿಸುವುದರಿಂದ, ಒಳಗೆ ಗಾಳಿಯಿದ್ದರೂ ಕಾಲಿಗೆ ಅದು ತಿಳಿಯದಿರಬಹುದು. ಎಚ್ಚರಿಕೆಯ ದೀಪ ಹೊತ್ತಿದರೆ, ಬಜರ್ ಸದ್ದು ಕೇಳಿದರೆ ಅಥವಾ ಪಂಪು ಪದೇಪದೇ ಓಡತೊಡಗಿದರೆ ಕಾರನ್ನು ಸುರಕ್ಷಿತವಾಗಿ ನಿಲ್ಲಿಸಿ ತಪಾಸಣೆ ಮಾಡಿಸಬೇಕು. ಅಕ್ಯುಮುಲೇಟರಿನಲ್ಲಿ ಬಿರುಕು ಬಿಟ್ಟು ಅನಿಲವು ಆಯಿಲಿಗೆ ಸೇರುವ ಸಂಭವವಿದ್ದುದರಿಂದ 2013ರ ಜೂನ್‌ನಲ್ಲಿ ಟೊಯೊಟಾ ಸುಮಾರು 2,42,000 ಹೈಬ್ರಿಡ್ ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಿತು.

ಗಮನಿಸಬೇಕಾದ ಅಂಶಗಳು

1. ಚಾಲಕನ ಬಾಗಿಲು ತೆರೆದೊಡನೆ, ಕೀಲಿ ಹಾಕದಿದ್ದರೂ, ಪಂಪು ತಾನಾಗಿ ಓಡಬಲ್ಲದು. ಪ್ಯಾಡ್ ಬಿಚ್ಚಿರುವಾಗ ಪಿಸ್ಟನ್ ಹೊರಚಾಚಿ ಬೆರಳಿಗೆ ಪೆಟ್ಟಾದೀತು. ಕೈಪಿಡಿಯಲ್ಲಿ ತಿಳಿಸಿರುವಂತೆ ಮೊದಲು ಬ್ರೇಕ್ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಬೇಕು.

2. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ, ಮೊಹರು ಒಡೆಯದ ಡಬ್ಬಿಯ ಆಯಿಲನ್ನೇ ಬಳಸಬೇಕು. ಎಂಜಿನ್ ಆಯಿಲ್ ಬೆರೆತರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

3. ಹೊರತೆಗೆದ ಆಯಿಲನ್ನು ಮತ್ತೆ ತುಂಬಬಾರದು, ಚರಂಡಿಗೆ ಸುರಿಯಲೂಬಾರದು.

4. ಕಿತ್ತಳೆ ಬಣ್ಣದ ತಂತಿಗಳಲ್ಲಿ ಅಧಿಕ ವೋಲ್ಟೇಜ್ ವಿದ್ಯುತ್ ಇರುತ್ತದೆ. ಅವುಗಳನ್ನು ಮುಟ್ಟಕೂಡದು.

ಪ್ಯಾಡಿನ ದಪ್ಪ ಮತ್ತು ಆಯಿಲಿನ ಮಟ್ಟವನ್ನು ನೋಡಿಕೊಳ್ಳುವುದು ಮಾಲೀಕರಿಂದಲೇ ಸಾಧ್ಯ. ಗಾಳಿ ತೆಗೆಯುವ ಕೆಲಸವನ್ನು ಮಾತ್ರ ಸೂಕ್ತ ಯಂತ್ರವಿರುವ ವರ್ಕ್‌ಶಾಪಿನ ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು. ಬ್ರೇಕಿನ ಮೇಲೆ ಕಾರಿನೊಳಗಿರುವವರ ಪ್ರಾಣದಂತೆಯೇ ರಸ್ತೆಯಲ್ಲಿ ನಡೆಯುವವರ ಪ್ರಾಣವೂ ಅವಲಂಬಿಸಿದೆ.