ಮಾತಿನ ನಡುವೆ ಬದಲಾಗುವ ಕೌಲು

ಕೌಲು ಎಂದರೆ ಕೊಟ್ಟ ಮಾತು, ಕರಾರು. ಬಳ್ಳಾರಿಯ ಕೌಲ್ ಬಜಾರಿನ ಹೆಸರಿನಲ್ಲಿರುವ ಈ ಶಬ್ದವು ಮೊಬೈಲಿಗೂ ಚೆನ್ನಾಗಿ ಸಲ್ಲತಕ್ಕುದು. ಮೊಬೈಲೂ ಟವರೂ ಮೊದಲೇ ಒಪ್ಪಿಕೊಂಡಿರುವ ನಿಯಮಗಳೇ ಅವುಗಳ ಕೌಲು.

ಗೃಹಸ್ಥನೊಬ್ಬನು ಮನೆಯೊಳಗೆ ವೈಫೈ ಮೂಲಕ ಮಾತನಾಡುತ್ತ ಬಜಾರಿಗೆ ಇಳಿದನೆನ್ನಿ. ವೈಫೈ ಕ್ಷೀಣಿಸುತ್ತಲೇ ಮೊಬೈಲು 4ಜಿ ಟವರಿನೊಡನೆ ಹೊಸ ಕೌಲು ಮಾಡಿಕೊಂಡು, ಬಳಿಕ ಹಳೆಯದನ್ನು ಬಿಡುವುದು. ಕರೆಯನ್ನು ಹಿಡಿದಿರುವ ಕಂಪನಿಯ ಕೇಂದ್ರವು ಬದಲಾಗದು. ದಾರಿ ಮಾತ್ರ ಬದಲಾಗುವುದು. ಊರಾಚೆ 4ಜಿಯೂ ಕುಂದಿದರೆ, 2ಜಿ ಉಳ್ಳ ಕಂಪನಿಯು ಅದೇ ಕರೆಯನ್ನು ಅದಕ್ಕೆ ದಾಟಿಸಬಲ್ಲುದು. ಈ ದಾಟಿನಲ್ಲಿ ಮಾತು 0.3 ಸೆಕೆಂಡಿಗಿಂತ ಹೆಚ್ಚು ತಡೆಯಬಾರದೆಂಬುದೇ ಗುರಿ.

ಆದರೆ 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಕಂಪನಿಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಅದರ 4ಜಿ, 5ಜಿ ಅಲೆಗಳು ನಿಂತಲ್ಲಿ, ವೈಫೈಯೂ ಇಲ್ಲದಿದ್ದರೆ, ಕರೆ ಕಡಿಯುವುದೇ ಸರಿ.

ಆದುದರಿಂದ ವೃದ್ಧರೂ ರೋಗಿಗಳೂ ಇರುವ ಮನೆಗಳಲ್ಲಿ ಮೊಬೈಲಿನ ಸೆಟ್ಟಿಂಗಿನೊಳಗೆ ವೋಲ್ಟೆ, ವೈಫೈ ಕರೆ ಎರಡನ್ನೂ ತೆರೆದಿಡುವುದು ವಿಹಿತ. ವೈದ್ಯರೊಡನೆ ಆಡುವ ಮಾತು ಹೊಸ್ತಿಲಲ್ಲಿ ತುಂಡಾಗಬಾರದಷ್ಟೆ.