ಕಂಪ್ಯೂಟರಿನ ಚಿತ್ರ ಮೊಬೈಲಿಗೆ

ಹಿರಿಯರ ಹಳೆಯ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಇರಿಸಿಕೊಂಡವರು, ಅವು ಮೊಬೈಲಿನಲ್ಲಿಯೂ ಇರಲೆಂದು ಬಯಸುವುದು ಸಹಜವೇ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದು ಸುಲಭವೇನೋ ಹೌದು. ಆದರೆ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಹಿಗ್ಗಿಸಿ ನೋಡಿದಾಗ ಅಜ್ಜಿಯ ಸೀರೆಯ ಅಂಚೂ ಮುಖದ ಗೆರೆಯೂ ಕಲಸಿಹೋಗಿರುತ್ತವೆ. ಡಾಕ್ಯುಮೆಂಟ್ ಎಂದು ಕಳುಹಿಸಿದಲ್ಲಿ ಮೂಲ ಹಾಗೆಯೇ ಬರುತ್ತದೆ.

ಚಿತ್ರಗಳು ನೂರಾರು ಇದ್ದರೆ ಯುಎಸ್‌ಬಿ ಕೇಬಲ್ಲೇ ಮೇಲು. ಅದನ್ನು ಜೋಡಿಸಿದೊಡನೆ ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ ಚಾರ್ಜ್ ಆಗತೊಡಗುವುದಷ್ಟೆ. ಫೋನಿನ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಅಲ್ಲಿ ಕಾಣುವ ಯುಎಸ್‌ಬಿ ಸೂಚನೆಯನ್ನು ಒತ್ತಿ, ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸಬೇಕು. ಆಗ ವಿಂಡೋಸ್ ಕಂಪ್ಯೂಟರಿನಲ್ಲಿ ಫೋನಿನ ಒಳಗು ತೆರೆದುಕೊಳ್ಳುತ್ತದೆ. ಅಲ್ಲಿನ ‘ಪಿಕ್ಚರ್ಸ್’ ಫೋಲ್ಡರಿಗೆ ಚಿತ್ರಗಳನ್ನು ಹಾಕಿ. ‘ಕಟ್’ ಬೇಡ, ‘ಕಾಪಿ’ಯೇ ಇರಲಿ, ನಡುವೆ ಕೇಬಲ್ ಕಳಚಿದರೂ ಮೂಲಕ್ಕೆ ಕುಂದಿಲ್ಲ. ಐಫೋನಿನ ದಾರಿಯೇ ಬೇರೆ: ಹೀಗೆ ಫೋಲ್ಡರಿಗೆ ಹಾಕಲಾಗದು, ಆಪಲ್‌ನವರದೇ ತಂತ್ರಾಂಶದ ಮೂಲಕ ಸಿಂಕ್ ಮಾಡಬೇಕಾಗುತ್ತದೆ.

ಇಷ್ಟಾದರೂ ಕಂಪ್ಯೂಟರಿಗೆ ಫೋನು ಕಾಣಿಸದಿದ್ದರೆ ಮೊದಲು ಕೇಬಲ್ಲನ್ನು ಬದಲಿಸಿ ನೋಡಿ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ಎಳೆಗಳು ಮಾತ್ರವೇ ಉಂಟು, ಮಾಹಿತಿ ಸಾಗಿಸುವ ಎಳೆಗಳು ಇರುವುದೇ ಇಲ್ಲ.